ರೂಪೇಶ ರುಜು ಹಾಕಿದ ಕಾಗದ

ಉಡುಪಿ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಚೈತನ್ಯಾ ಚಹಾಕ್ಕೆ ಕಾಯುತ್ತಿದ್ದಾಗ ಪಕ್ಕದ ಮೇಜಿಗೆ ಇಬ್ಬರು ಬಂದು ಕೂತರು. ಒಬ್ಬ ಕರಿಕೋಟಿನ ವಕೀಲ. ಇನ್ನೊಬ್ಬನ ಮುಖವನ್ನು ಅವಳು ಟಿವಿಯಲ್ಲಿ ದಿನಾ ನೋಡಿದ್ದಳು. ಮಲ್ಪೆಯ ಬೋಟ್ ಮಾಲೀಕನ ಕೊಲೆ ಕೇಸಿನ ಆರೋಪಿ ಫಯಾಝ್. ಜಾಮೀನಿನ ಮೇಲೆ ಹೊರಗಿದ್ದ.

ವಕೀಲ ಒಂದು ಕಾಗದ ಮುಂದಿಟ್ಟ.

“ಎಂತ ಇದು ರೂಪೇಶ?”

“ನೀನು ಬೇರೆ ವಕೀಲರನ್ನು ಇಟ್ಟುಕೊಳ್ಳಲು ನನ್ನ ಆಕ್ಷೇಪಣೆ ಇಲ್ಲ ಅಂತ ರುಜು ಹಾಕಿದ್ದೇನೆ. ಬೆಂಗಳೂರಿನ ದೊಡ್ಡ ವಕೀಲರು ಒಪ್ಪಿದ್ದಾರೆ.”

“ನನ್ನನ್ನು ಕೇಳಿದೆಯಾ?”

“ನಾನು ಸೋತರೆ ಮಾಡದ ಕೊಲೆಗೆ ನಿನಗೆ ಜೀವಾವಧಿ ಮಾರಾಯ. ನಿನ್ನ ಉಮ್ಮನಿಗೆ ನಾನು ಎಂತ ಹೇಳುವುದು?”

“ನಿನ್ನನ್ನೇ ಇಡು ಅಂದದ್ದು ಉಮ್ಮ.”

“ಅವರಿಗೆ ಕಾನೂನು ಗೊತ್ತುಂಟಾ?”

“ನಿನಗೆ ಗೊತ್ತುಂಟಲ್ಲ. ಮೊನ್ನೆ ಸಾಕ್ಷಿ ಹೇಳಲು ಬಂದ ಐಸ್ ಪ್ಲಾಂಟಿನವನು ನನ್ನನ್ನು ನೋಡಲೇ ಇಲ್ಲ ಅಂತ ಒಪ್ಪಿಕೊಂಡದ್ದು ಯಾರಿಂದ?”

“ಇನ್ನೂ ಆರು ಸಾಕ್ಷಿ ಉಂಟು. ಕಟಕಟೆಯಲ್ಲಿ ಗೆಳೆಯನ ಮುಖ ಕಂಡರೆ ನನ್ನ ಕೈ ನಡುಗುತ್ತದೆ.”

“ನಡುಗಲಿ. ಬಾಯಿ ನಡುಗುವುದಿಲ್ಲವಲ್ಲ.”

ಬಿಸಿ ಗೋಳಿಬಜೆ ಬಂತು. ಫಯಾಝ್ ಎರಡನ್ನು ಎತ್ತಿ ರುಜುವಿನ ಮೇಲೆಯೇ ಇಟ್ಟ. ಎಣ್ಣೆ ಕಾಗದದ ತುಂಬ ಹರಡಿತು.

“ಕೋರ್ಟಿಗೆ ಕೊಡುವ ಕಾಗದ ಅದು.”

“ಇನ್ನು ಕೊಡಲಿಕ್ಕೆ ಆಗುತ್ತದಾ?”

“ಇಲ್ಲ.”

“ಹಾಗಾದರೆ ತಿನ್ನು. ಹನ್ನೊಂದಕ್ಕೆ ನಮ್ಮ ಕೇಸ್ ಕರೆಯುತ್ತಾರೆ.”

ರೂಪೇಶ ಒಂದನ್ನು ತಿಂದ.

“ಇವತ್ತಿನ ಸಾಕ್ಷಿಗೆ ಎಂತ ಕೇಳುತ್ತೀ?”

“ಇಪ್ಪತ್ತೆರಡು ಪ್ರಶ್ನೆ ಬರೆದು ತಂದಿದ್ದೇನೆ.”

“ಯಾವಾಗ ಬರೆದದ್ದು?”

“ರುಜು ಹಾಕಿದ ಮೇಲೆ.”

ಫಯಾಝ್ ನಕ್ಕ. ಇಬ್ಬರೂ ಕೈ ತೊಳೆದು, ರಸ್ತೆ ದಾಟಿ ಕೋರ್ಟಿನ ಗೇಟಿನೊಳಗೆ ಹೋದರು.