ಪಾತ್ರೆ ಅಂಗಡಿ ಸಾಹುಕಾರರು ಪಿಲಾಟಿಸ್ ಕಲಿಸಿದ್ದು

ಶರಣ ಬಂಧುಗಳೇ, ಅರ್ಧ ಗಂಟೆಯಿಂದ ಉಪದೇಶ ಹೇಳುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಕೆಲವರು ಆಗಲೇ ಧ್ಯಾನಕ್ಕೆ ಜಾರಿದ್ದಾರೆ. ಧ್ಯಾನವೆಂದೇ ಅಂದುಕೊಳ್ಳೋಣ, ನಿದ್ದೆ ಎಂದರೆ ಅವರಿಗೆ ಬೇಸರವಾದೀತು. ಅವರಿಗಾಗಿಯೇ ಒಂದು ಕಥೆ.

ಒಂದೂರಿನಲ್ಲಿ ಒಬ್ಬ ಶ್ರೀಮಂತ ಇದ್ದ. ಇದ್ದ ಎಂದರೆ ತಪ್ಪಾಗುತ್ತದೆ, ನಿಮ್ಮ ಹಾಗೆಯೇ ಮರ್ಯಾದಸ್ಥರು, ಇದ್ದರು ಎನ್ನೋಣ. ಕಥೆಗಳಲ್ಲಿ ಬರುವ ಶ್ರೀಮಂತರಿಗೆ ಸಾಮಾನ್ಯವಾಗಿ ಜಿಪುಣತನ ಇರುತ್ತದೆ. ಇವರಿಗೆ ಅದಿರಲಿಲ್ಲ. ಬೆನ್ನುನೋವಿತ್ತು.

ಹೆಸರು ಗುರುಶಾಂತಪ್ಪ. ಸ್ಟೀಲು, ಹಿತ್ತಾಳೆ ಪಾತ್ರೆಗಳ ದೊಡ್ಡ ಅಂಗಡಿ. ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಏಳುವುದು ಸಂಜೆಗೆ. ಕೂತಲ್ಲಿಂದಲೇ ಎಲ್ಲರನ್ನೂ ತಿದ್ದುತ್ತಿದ್ದರು. ‘ಆ ಕೊಪ್ಪರಿಗಿ ಹಂಗ ಇಡಬ್ಯಾಡೋ!’ ‘ಹಗ್ಗ ಬಿಗೀಲಿಲ್ಲ, ಬಿಗಿ!’ ಮನೆಗೆ ಬಂದರೆ ಸಾರಿಗೆ ಉಪ್ಪು ಹೇಗೆ ಹಾಕಬೇಕು, ಕಿಟಕಿ ಎಷ್ಟು ತೆರೆಯಬೇಕು, ಎಲ್ಲಕ್ಕೂ ಒಂದು ತಿದ್ದುಪಡಿ. ನೋಡಿ, ಕೆಟ್ಟ ಮನುಷ್ಯರಲ್ಲ. ಹೇಳುವುದೇ ಪ್ರೀತಿ ಎಂದು ತಿಳಿದಿದ್ದರು, ಅಷ್ಟೇ. ಯಾಕೆ ತಾಯಂದಿರು ನಗುತ್ತಿದ್ದೀರಿ? ನಿಮ್ಮ ಮನೆಯ ವಿಷಯ ನಾನು ಹೇಳುತ್ತಿಲ್ಲ.

ಒಂದು ದಿನ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಬೆನ್ನು ಹಾಗೆಯೇ ಹಿಡಿದುಕೊಂಡಿತು. ಮೇಲೇಳಲಾಗಲಿಲ್ಲ. ಇಬ್ಬರು ಸೇರಿ ಎತ್ತಿ ದವಾಖಾನೆಗೆ ಒಯ್ದರು. ನೋವು ಕಡಿಮೆಯಾದ ಮೇಲೆ ಡಾಕ್ಟರು, “ಗುಳಗಿ ಸಾಕ್ರಿ ಸಾವ್ಕಾರ್ರ. ಇನ್ನ ಪಿಲಾಟಿಸ್ ಕ್ಲಾಸಿಗೆ ಹೋಗ್ರಿ” ಎಂದರು.

ಪಿಲಾಟಿಸ್ ಎಂದರೆ ಗಾಬರಿಯಾಗಬೇಡಿ. ಚಾಪೆಯ ಮೇಲೆ ಮಲಗಿ, ಉಸಿರನ್ನು ಗಮನಿಸುತ್ತ, ಹೊಟ್ಟೆ ಬೆನ್ನುಗಳ ಒಳಗಿನ ಸ್ನಾಯುಗಳನ್ನು ನಿಧಾನವಾಗಿ ಬಲಪಡಿಸುವ ವ್ಯಾಯಾಮ. ನಮ್ಮ ಯೋಗಾಸನಕ್ಕೆ ದೂರದ ನೆಂಟ ಎಂದುಕೊಳ್ಳಿ. ಆ ಊರಿನಲ್ಲಿ ಅದನ್ನು ಕಲಿಸುತ್ತಿದ್ದವಳು ಲವೀನಾ ಎಂಬ ಯುವತಿ. ಸಾಹುಕಾರರು ಗರಿಗರಿ ಧೋತರ ಉಟ್ಟು ಬಾಗಿಲಲ್ಲಿ ನಿಂತರು. ಒಳಗೆ ನೋಡಿದರೆ ಎಲ್ಲರೂ ಹೆಣ್ಣುಮಕ್ಕಳು! ಹಿಂದಕ್ಕೆ ತಿರುಗಿ ಓಡಬೇಕೆನಿಸಿತು. ಆದರೆ ಓಡುವ ಬೆನ್ನಾಗಿದ್ದರೆ ಅಲ್ಲಿಗೇಕೆ ಬರುತ್ತಿದ್ದರು?

ಮರುದಿನ ಮಗನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಂದು ಮೂಲೆಯ ಚಾಪೆಯ ಮೇಲೆ ಮಲಗಿದರು. ಲವೀನಾ ಪಕ್ಕಕ್ಕೆ ಬಂದು, “ಅಂಕಲ್, ಉಸಿರು ಬಿಡ್ರಿ” ಎಂದಳು.

“ಬಿಡಾಕತ್ತೇನಲ್ಲವಾ.”

“ಇಲ್ರಿ, ಹಿಡಕೊಂಡು ಮಲಗೀರಿ.”

“ನಾ ಹುಟ್ಟಿದಾಗಿಂದ ಉಸಿರಾಡಾಕತ್ತೇನಿ. ನನಗ ಕಲಸ್ತೀಯೇನು?”

“ಕಲಸ್ತೀನ್ರಿ. ಮದ್ಲ ಮಾತು ನಿಂದರಸ್ರಿ.”

ಇಷ್ಟು ವರ್ಷಗಳಲ್ಲಿ ಅವರಿಗೆ ಮಾತು ನಿಲ್ಲಿಸಿ ಎಂದವರೇ ಇರಲಿಲ್ಲ. ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಅವರಿಗೊಂದು ವಿಷಯ ಗೊತ್ತಾಯಿತು: ಯಾರಿಗಾದರೂ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವ ಮುಂಚೆ ತಮ್ಮ ಉಸಿರು ಕಟ್ಟುತ್ತದೆ, ಹೊಟ್ಟೆ ಬಿಗಿಯುತ್ತದೆ, ಬೆನ್ನು ಗಟ್ಟಿಯಾಗುತ್ತದೆ. ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ ಅಷ್ಟು ಸಲ. ಬೆನ್ನಾದರೂ ಎಷ್ಟೆಂದು ತಡೆದುಕೊಂಡೀತು?

ಕೆಲವು ತಿಂಗಳು ಕಳೆದವು. ಸಾಹುಕಾರರು ತಾವೇ ಬಗ್ಗಿ ಚಪ್ಪಲಿ ಹಾಕಿಕೊಂಡರು. ಅಂಗಡಿ ಓಪನಿಂಗ್ ದಿನವೂ ಅಷ್ಟು ಸಂತೋಷಪಟ್ಟಿರಲಿಲ್ಲವಂತೆ! ಮಾರ್ಕೆಟ್ಟಿನಲ್ಲಿ ಆ ಕಡೆ ಈ ಕಡೆ ನೋಡಿದರೆ, ಬಟ್ಟೆ ಅಂಗಡಿಯವರು, ಕಿರಾಣಿಯವರು, ಎಲ್ಲರೂ ಗಾದಿಯ ಮೇಲೆ ಬೆನ್ನು ಬಾಗಿಸಿ ಕೂತವರೇ. ‘ಕ್ಲಾಸಿಗೆ ಬರ್ರಿ’ ಎಂದರೆ, ‘ಹೆಣ್ಣಮಕ್ಕಳ ನಡುವ ಹೆಂಗ ಬರೂದ್ರಿ!’ ಎಂದು ನಾಚಿದರು.

ಇದನ್ನು ಲವೀನಾಗೆ ಹೇಳಿದಾಗ ಅವಳು ಸಹಜವಾಗಿ, “ನೀವ ಕಲಸ್ರಲ್ಲ ಅಂಕಲ್” ಎಂದಳು.

ಮನೆಯಲ್ಲಿ ಈ ಸುದ್ದಿ ಹೇಳಿದರು. ಹೆಂಡತಿ ಸುವರ್ಣಕ್ಕ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, “ಮಂದೀಗೆ ಹೇಳಿಕೊಡೂದು ನಿಮಗೇನ್ ಹೊಸಾದ್ರೀ?” ಎಂದರು. ಸಾಹುಕಾರರು ಇದನ್ನು ಹೊಗಳಿಕೆ ಎಂದುಕೊಂಡರು ನೋಡಿ!

ಅಂಗಡಿಯನ್ನು ಮಗನಿಗೆ ಒಪ್ಪಿಸಿ ಪಿಲಾಟಿಸ್ ಕಲಿಸುವವರ ತರಬೇತಿಗೆ ಸೇರಿದರು. ಮೊಮ್ಮಕ್ಕಳ ಹಾಗೆ ಕೂತು ಎಲುಬುಗಳ ಹೆಸರು ಬಾಯಿಪಾಠ ಮಾಡಿದರು. ಎಲ್ಲ ಬಂತು. ಕೊನೆಗೆ ಪರೀಕ್ಷೆ. ಗುರುತಿಲ್ಲದ ಒಬ್ಬರಿಗೆ ಪರೀಕ್ಷಕಿಯ ಎದುರು ಪಾಠ ಮಾಡಬೇಕು. ಇವರ ಪಾಲಿಗೆ ಬಂದವರು ಮಿತಭಾಷಿಯಾದ ಒಬ್ಬ ನಿವೃತ್ತ ಮೇಷ್ಟ್ರು. ಸಾಹುಕಾರರು ನಿರರ್ಗಳವಾಗಿ ಶುರು ಮಾಡಿದರು. “ಕೈ ಮ್ಯಾಲೆ ಎತ್ರಿ. ಇನ್ನೂ ಮ್ಯಾಲೆ. ಇನ್ನೂ ಮ್ಯಾಲೆ ಬರ್ಲಿ!” ಮೇಷ್ಟ್ರು ಹಲ್ಲು ಕಚ್ಚಿದರು, ಬೆವೆತರು.

ಪಾಠ ಮುಗಿದ ಮೇಲೆ ಪರೀಕ್ಷಕಿ, “ನೀವು ಹೇಳಿದ್ದೆಲ್ಲ ಸರಿ ಇತ್ತು. ಆದರೆ ಯಾರಿಗೆ ಹೇಳ್ತಿದ್ರಿ?” ಎಂದು ಕೇಳಿದರು.

“ಇವರಿಗೇ ರೀ.”

“ಇವರ ಬಲಭುಜ ಮೇಲೆ ಬರೋದೇ ಇಲ್ಲ. ನೀವು ಕೇಳಲಿಲ್ಲ. ಮುಖ ನೋಡಿದ್ರೂ ಗೊತ್ತಾಗ್ತಿತ್ತು.”

ಸಾಹುಕಾರರು ಫೇಲಾದರು.

ಮನೆಗೆ ಬಂದು ಯಾರೊಂದಿಗೂ ಮಾತಾಡಲಿಲ್ಲ. ಮನೆಯವರಿಗೆ ಹಬ್ಬದಂಥ ಮೌನ. ಆದರೆ ಮತ್ತೆ ಪರೀಕ್ಷೆಗೆ ಕೂರಬೇಕಾದರೆ ಯಾರಿಗಾದರೂ ಪಾಠ ಮಾಡಿ ರೂಢಿಯಾಗಬೇಕಲ್ಲ? ಮಗನನ್ನು ಕರೆದರೆ ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆದ. ಸೊಸೆಗೆ ಒಮ್ಮೆಲೇ ಒಲೆಯ ಮೇಲಿನ ಹಾಲಿನ ನೆನಪಾಯಿತು. ಕೊನೆಗೆ ಸುವರ್ಣಕ್ಕ ಸೆರಗು ಸಿಕ್ಕಿಸಿಕೊಂಡು, “ಹಾಸ್ರಿ ನಿಮ್ಮ ಚಾಪಿ” ಎಂದರು.

ಮಲಗಿದರು. ಸಾಹುಕಾರರು ಅಭ್ಯಾಸಬಲದಿಂದ “ಕೈ ಮ್ಯಾಲೆ” ಎನ್ನಲು ಬಾಯಿ ತೆರೆದವರು, ಮೇಷ್ಟ್ರ ಬೆವೆತ ಮುಖ ನೆನಪಾಗಿ ಮುಚ್ಚಿದರು. ಹೆಂಡತಿಯ ಪಕ್ಕೆಗಳ ಮೇಲೆ ಅಂಗೈ ಇಟ್ಟು ಸುಮ್ಮನೆ ನೋಡಿದರು. ಉಸಿರು ಎಳೆದುಕೊಂಡಾಗ ಬಲಪಕ್ಕೆ ಏರುತ್ತಿತ್ತು, ಎಡಪಕ್ಕೆ ಕದಲುತ್ತಿರಲಿಲ್ಲ.

“ಸುವರ್ಣಾ, ನಿನಗ ಎಲ್ಲಿ ನೋವೈತಿ?”

ಆಕೆ ಬಲಗೈಯಿಂದ ಎಡಹೆಗಲನ್ನು ಮುಟ್ಟಿಕೊಂಡರು. ಆಮೇಲೆ ಹೇಳಿದರು. “ಎಡಗಡೆ ಹೆಗಲ್ರಿ. ಅತ್ತಿಯವರು ಹಾಸಿಗಿ ಹಿಡದಾಗ ಎಬ್ಬಸೂದು ಮಲಗಸೂದು ನಾನ ಮಾಡತಿದ್ದೆ. ಆವಾಗಿಂದ ಕೈ ಹಿಂದ ಹೋಗೂದಿಲ್ಲ. ತುರುಬು ಸೊಸಿ ಕಟ್ಟತಾಳ.”

“ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ದೆ. ನೀವು ನಾಷ್ಟಾ ಮಾಡತಿದ್ರಿ. ‘ಎಣ್ಣಿ ಹಚ್ಕೋ’ ಅಂದ್ರಿ. ಆಮ್ಯಾಲೆ ಎಣ್ಣಿ ಹೆಂಗ ಹಚ್ಕೋಬೇಕು ಅಂತ ಹೇಳಿಕೊಟ್ರಿ.”

ನಗು ಬರುತ್ತದೆ ಅಲ್ಲವೇ? ಸಾಹುಕಾರರಿಗೆ ಬರಲಿಲ್ಲ. ಅವರ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ತಾಯಿಯ ಸೇವೆ ಚೆನ್ನಾಗಿ ನಡೆಯಿತೆಂದು ಬಂಧುಬಳಗ ಹೊಗಳಿದಾಗ ಇವರು ಕೈಮುಗಿದು ಹೊಗಳಿಕೆ ತೆಗೆದುಕೊಂಡಿದ್ದರು. ನೋವು ತಿಂದ ಹೆಗಲು ಮಾತ್ರ ಈಕೆಯದು. ‘ಡಾಕ್ಟರಿಗೆ ತೋರಸ್ಬೇಕಿತ್ತು, ಮತ್ತೊಮ್ಮಿ ಹೇಳ್ಬೇಕಿತ್ತು’ ಎನ್ನುವ ಮಾತು ಗಂಟಲಿಗೆ ಬಂತು. ಉಸಿರು ಕಟ್ಟಿತು, ಹೊಟ್ಟೆ ಬಿಗಿಯಿತು. ಅದು ಅವರಿಗೇ ಗೊತ್ತಾಯಿತು. ನಿಧಾನವಾಗಿ ಉಸಿರು ಬಿಟ್ಟರು.

“ಆವಾಗ ನಾ ಕೇಳ್ಲಿಲ್ಲ,” ಎಂದರು. “ಈಗ ಹೇಳು. ಎಲ್ಲಾ ಹೇಳು.”

ಸುವರ್ಣಕ್ಕ ಹೇಳಿದರು. ಹೆಗಲಿನದಷ್ಟೇ ಅಲ್ಲ, ಬೇರೆ ಎಷ್ಟೋ. ಸಾಹುಕಾರರು ಚಾಪೆಯ ಪಕ್ಕದಲ್ಲಿ ಕೂತು ಕೇಳಿದರು. ನಡುವೆ ಒಂದೇ ಒಂದು ತಿದ್ದುಪಡಿ ಹೇಳಲಿಲ್ಲ. ಅವರು ಮಾಡಿದ ವ್ಯಾಯಾಮಗಳಲ್ಲೆಲ್ಲ ಕಷ್ಟದ್ದು ಅದೇ ಇರಬೇಕು.

ಮರುದಿನ ಹೆಂಡತಿಯನ್ನು ಡಾಕ್ಟರಲ್ಲಿಗೆ ಕರೆದೊಯ್ದರು. ಡಾಕ್ಟರು ಒಪ್ಪಿದಷ್ಟನ್ನೇ, ಲವೀನಾಳನ್ನು ಕೇಳಿ ಕೇಳಿ, ದಿನಾ ಸ್ವಲ್ಪ ಸ್ವಲ್ಪ ಮಾಡಿಸಿದರು. ಬಹಳ ದಿನ ಹಿಡಿಯಿತು. ಒಂದು ಬೆಳಿಗ್ಗೆ ಸುವರ್ಣಕ್ಕ ಕನ್ನಡಿಯ ಮುಂದೆ ನಿಂತು ತಾವೇ ತುರುಬು ಕಟ್ಟಿಕೊಂಡರು. ತುಸು ಸೊಟ್ಟಗಿತ್ತು. ಸಾಹುಕಾರರು ನೋಡಿದರು. ಹೇಳಲಿಲ್ಲ!

ಎರಡನೆಯ ಸಲ ಪರೀಕ್ಷೆಯಲ್ಲಿ ಪಾಸಾದರು. ಈಗ ಅಂಗಡಿಯ ಮಾಳಿಗೆಯಲ್ಲಿ ಬೆಳಿಗ್ಗೆ ಅವರ ಕ್ಲಾಸು. ಬಟ್ಟೆ ಅಂಗಡಿಯವರು, ಕಿರಾಣಿಯವರು ಸಾಲಾಗಿ ಮಲಗಿರುತ್ತಾರೆ. ಸಾಹುಕಾರರು ಒಬ್ಬೊಬ್ಬರ ಹತ್ತಿರವೂ ಕೂತು, ಮೊದಲು ಕೇಳುತ್ತಾರೆ, ಆಮೇಲೆ ನೋಡುತ್ತಾರೆ, ಕೊನೆಗೆ ಹೇಳುತ್ತಾರೆ.

ಬಂಧುಗಳೇ, ನಾನು ಬೆನ್ನಿನ ಮಾತು ತೆಗೆದ ಕೂಡಲೇ ನೀವೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತಿರಿ. ನನಗೆ ಇಲ್ಲಿಂದ ಎಲ್ಲ ಕಾಣುತ್ತದೆ. ಈಗ ಕೆಲವರು ಪಕ್ಕದಲ್ಲಿ ಕೂತ ಗಂಡನನ್ನು ಮೊಣಕೈಯಿಂದ ತಿವಿಯುತ್ತಿದ್ದೀರಿ, ‘ಕೇಳ್ರಿ, ನಿಮಗೇ ಹೇಳಾಕತ್ತಾರ’ ಎಂದು. ತಾಯೀ, ಕೈ ತೆಗೆಯಿರಿ. ನಿಮಗೂ ಹೇಳುತ್ತಿದ್ದೇನೆ. ಮಕ್ಕಳನ್ನು ತಿದ್ದುವಾಗ ಅವರ ಮುಖ ನೋಡಿದ್ದೀರಾ? ಸೊಸೆಗೆ ಹೇಳುವಾಗ? ಮನೆಗೆಲಸಕ್ಕೆ ಬರುವವಳಿಗೆ ಹೇಳುವಾಗ? ಯಾರಿಗೆ ಹೇಳುತ್ತಿದ್ದೀರಿ ಎಂದು ಒಮ್ಮೆಯಾದರೂ ನೋಡಿದ್ದೀರಾ?

ಪಿಲಾಟಿಸ್ ನೀವು ಕಲಿಯಿರಿ, ಬಿಡಿ, ಅದು ನಿಮ್ಮ ಬೆನ್ನಿಗೆ ಬಿಟ್ಟದ್ದು. ಆದರೆ ಇವತ್ತು ಪ್ರಸಾದ ಮುಗಿಸಿ ಮನೆಗೆ ಹೋದ ಮೇಲೆ ಇಷ್ಟು ಮಾಡಿ. ನೀವು ಅತಿ ಹೆಚ್ಚು ತಿದ್ದುವ ಒಬ್ಬರು ಮನೆಯಲ್ಲಿ ಇದ್ದೇ ಇರುತ್ತಾರೆ. ಅವರ ಹತ್ತಿರ ಹೋಗಿ ಕೂರಿ. ‘ನಿನಗೆ ಎಲ್ಲಿ ನೋವಿದೆ?’ ಎಂದು ಕೇಳಿ. ಕೇಳಿ, ಬಾಯಿ ಮುಚ್ಚಿ. ಔಷಧ ಹೇಳಬೇಡಿ, ಎಣ್ಣೆ ಹೇಳಬೇಡಿ, ನಿಮ್ಮ ನೋವು ಅದಕ್ಕಿಂತ ದೊಡ್ಡದೆಂದು ಹೇಳಬೇಡಿ. ಮೊದಲ ದಿನ ಉತ್ತರ ಬಾರದೆ ಇರಬಹುದು. ಇವರಿಗೆ ಜ್ವರವೇನಾದರೂ ಬಂದಿದೆಯೇ ಎಂದು ಅವರು ನಿಮ್ಮ ಹಣೆ ಮುಟ್ಟಿ ನೋಡಬಹುದು.

ಮುಟ್ಟಲಿ ಬಿಡಿ. ನೀವು ಎದ್ದು ಹೋಗದೆ ಅಲ್ಲಿಯೇ ಕೂತಿರಿ.