ಬೀರುವಿನೊಳಗೆ ಬಿಸಿಯಾದ ಲ್ಯಾಪ್‌ಟಾಪ್

...ಸತ್ತಿಲ್ಲ ಕಣೇ, ಸತ್ತಿಲ್ಲ! ಮಲಗಿದೆ, ಅಷ್ಟೇ. ಅಯ್ಯೋ, ಆ ಗುಂಡಿಯನ್ನ ಹಾಗೆ ಒತ್ತಿ ಒತ್ತಿ ಹಿಂಸೆ ಕೊಡಬೇಡ. ಮುಟ್ಟಿ ನೋಡು, ಇನ್ನೂ ಕಾದ ಹೆಂಚಿನ ಹಾಗಿದೆ. ಸ್ವಲ್ಪ ಆರಲಿ.

ಗೊತ್ತು, ಗೊತ್ತು, ನಿನ್ನ ಅನುವಾದ. ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡು ಮಾಡಿದ್ದು. ಸೇವ್ ಮಾಡದೆ ಹಾಗೇ ಬಿಟ್ಟು ತರಕಾರಿ ತರೋಕೆ ಹೋದೆ. ನಾನು... ನಾನು ಅದನ್ನ ಮುಟ್ಟಲೇ ಇಲ್ಲ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು ನನ್ನ ಕೆಲಸ ನಾನು ಮಾಡ್ಕೊಂಡೆ.

ಬಟ್ಟೆ ಬೀರುವಿನೊಳಗೆ ಯಾಕೆ ಅಂದ್ರೆ... ನೀನು ಮೊದಲು ಕೂತ್ಕೋ. ಆ ಕೊಡೆ ಕೆಳಗಿಡು. ನಿಜ, ಕಳ್ಳ ಅಂದ್ಕೊಂಡು ಅದನ್ನ ಎತ್ತಿದ್ದು ನ್ಯಾಯವೇ. ತಲೆ ನರೆತ ಗಂಡ, ನಿನ್ನ ಕೋಟುಗಳ ಸಂದಿಯಲ್ಲಿ ಮಂಡಿ ಮಡಚಿ ಕೂತು, ಹ್ಯಾಂಗರಿನಿಂದ ನೆತ್ತಿ ಚುಚ್ಚಿಸಿಕೊಳ್ತಾ, ಲ್ಯಾಪ್‌ಟಾಪಿಗೆ ಕಂಬಳಿ ಹೊದಿಸ್ತಿದ್ರೆ! ಮಗುವಿಗೆ ಜ್ವರ ಬಂದ ಹಾಗೆ!

ಮೊನ್ನೆಯೂ ಹೀಗೇ ಆಯ್ತು. ಗಾಬರಿಯಾಗಿ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಒಳಗೆ ಬಿಸಿ ಅಳೆಯೋಕೆ ವ್ಯವಸ್ಥೆ ಇರುತ್ತಂತೆ. ಬಿಸಿ ಏರಿದ್ರೆ ಮೊದಲು ಫ್ಯಾನ್ ಜೋರಾಗುತ್ತೆ. ಸಾಲದಿದ್ರೆ ಕೆಲಸ ನಿಧಾನ ಮಾಡುತ್ತೆ. ಅದಕ್ಕೂ ಬಗ್ಗದಿದ್ರೆ, ಎಲ್ಲವನ್ನ ನಡೆಸೋ ಆಪರೇಟಿಂಗ್ ಸಿಸ್ಟಮ್ ಇದೆಯಲ್ಲ, ಅದು ತೆರೆದಿದ್ದನ್ನೆಲ್ಲ ಇದ್ದ ಹಾಗೇ ಡಿಸ್ಕಿನಲ್ಲಿ ಬರೆದಿಟ್ಟು ಕಣ್ಣು ಮುಚ್ಚುತ್ತೆ. ಹೈಬರ್ನೇಷನ್ ಅಂತಾರೆ. ಅದಕ್ಕೂ ಪುರಸೊತ್ತಿಲ್ಲದಷ್ಟು ಕಾದ್ರೆ ಮಾತ್ರ ದಢಕ್ಕನೆ ಆಫ್! ಒಳಗಿನ ಭಾಗಗಳು ಸುಟ್ಟುಹೋಗದಿರಲಿ ಅಂತ. ಆಗ ಸೇವ್ ಮಾಡದ್ದು ಹೋದ ಹಾಗೇ.

ಹಾಗೆ ನೋಡಬೇಡ. ಇದು ಬರೆದಿಟ್ಟು ಮಲಗಿದ್ದೇ ಇರುತ್ತೆ. ಇರಲಿ ದೇವರೇ.

ತಪ್ಪು ಯಂತ್ರದ್ದಲ್ಲ, ನನ್ನದೇ. ಫ್ಯಾನ್ ಸದ್ದು ರೆಕಾರ್ಡಿಂಗಲ್ಲಿ ಬರ್ತಿತ್ತು ಅಂತ ಗಾಳಿ ಆಡೋ ಕಿಂಡಿಗೇ ಕಂಬಳಿ ತುರುಕಿದ ಮಹಾನುಭಾವ ನಾನು...

ಹ್ಞಾಂ? ರೆಕಾರ್ಡಿಂಗ್ ಅಂದೆನಾ? ಹೂಂ... ಆಫೀಸಿಂದೇ. ಬಟ್ಟೆಗಳ ಮಧ್ಯೆ ಕೂತ್ರೆ ಹೊರಗಿನ ಸದ್ದು, ಪ್ರತಿಧ್ವನಿ ಬರಲ್ಲ ಅಂತ ಬೀರು ಸೇರಿದೆ. ಬಸ್ ನಿಲ್ದಾಣಕ್ಕೆ ಹೊಸ ಪ್ರಕಟಣೆ ಬೇಕಂತೆ. ಇಷ್ಟು ವರ್ಷ ಮೈಕ್ ಹಿಡಿದು ‘ಪ್ರಯಾಣಿಕರ ಗಮನಕ್ಕೆ’ ಅಂತ ಅರಚಿದವನು, ಯಾವ ಪ್ರಯಾಣಿಕನೂ ಗಮನ ಕೊಡಲಿಲ್ಲ, ಆದರೂ ನಾನೇ ಬೇಕಂತೆ! ಗಂಟಲಾ? ಧೂಳು ಕಣೇ, ಡೀಸೆಲ್ ಹೊಗೆ. ಎಷ್ಟು ಸಲ ಹೇಳೋದು?

ಈಗ ತಣ್ಣಗಾಗಿದೆ, ಒತ್ತು. ಒಂದೇ ಸಲ... ಬಂತು! ಬಂತು ನೋಡು! ನಿನ್ನ ಪುಟಗಳು, ಅರ್ಧ ಬರೆದ ವಾಕ್ಯ ಸಮೇತ! ಮೊದಲು ಸೇವ್ ಮಾಡು. ಸದ್ಯ, ಬದುಕಿಕೊಂಡೆ.

ಅದಾ? ಅದು ನನ್ನ ರೆಕಾರ್ಡಿಂಗ್ ಕಿಟಕಿ. ಅದೂ ಇದ್ದ ಹಾಗೇ ಎದ್ದು ಬಂದಿದೆ... ಬೇಡ, ಒತ್ತಬೇಡ. ಏ, ಬೇಡ ಅಂದೆನಲ್ಲ!

ಯಾಕೆ ನಗ್ತೀಯ? ಹೌದು, ‘ಹೌದಮ್ಮಾ, ನೀನು ಹೇಳಿದ್ದೇ ಸರಿ’ ಅಂತ ನಾನೇ ಹೇಳಿದ್ದು. ಇನ್ನೂ ಇದೆ, ಅದೇ ಮಾತು ಸೋತ ದನಿಯಲ್ಲಿ ಒಂದು ಸಲ, ಸಿಟ್ಟಲ್ಲಿ ಒಂದು ಸಲ. ಬಸ್ ನಿಲ್ದಾಣದಲ್ಲಿ ಇದನ್ನ ಯಾರಿಗೆ ಹೇಳ್ತಾರೆ ಅಂತೀಯಾ? ಅದೂ... ಸಾಕು, ನಿಲ್ಲಿಸು. ಮುಂದಿನದು ಬೇಡ. ಕೇಳು ನನ್ನ ಮಾತು, ಮುಂದಿನದು—

‘ನನಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿದೆ. ಈ ಯಂತ್ರದ ಮೂಲಕ ಮಾತಾಡುತ್ತಿದ್ದೇನೆ.’

ಬೈಯೇ. ಕಂಬಳಿ ಹೊದಿಸಿದ್ದಕ್ಕಾದರೂ ಬೈ.

ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೀಬೇಕಂತೆ. ಸೋಮವಾರ ಆಸ್ಪತ್ರೆಗೆ ಬಂದು ಸೇರಿಕೊಳ್ಳಿ ಅಂದ್ರು ಡಾಕ್ಟರಮ್ಮ. ಜೀವಕ್ಕೆ ಹೆದರಬೇಡಿ ಅಂದ್ರು, ಮಾತು ಮಾತ್ರ... ಈಗಲೇ ಒಂದಿಷ್ಟು ವಾಕ್ಯ ಓದಿಟ್ಟರೆ, ಆಮೇಲೆ ನಾನು ಟೈಪ್ ಮಾಡಿದ್ದನ್ನ ಕಂಪ್ಯೂಟರ್ ನನ್ನ ಧ್ವನಿಯಲ್ಲೇ ಹೇಳುತ್ತಂತೆ. ನಿನಗೆ ಹೇಳೋಣ ಅಂತ ದಿನಾ ಬಾಯಿ ತೆಗೀತಿದ್ದೆ. ತಮಾಷೆ ಬರ್ತಿತ್ತು, ಇದು ಬರ್ತಿರಲಿಲ್ಲ. ಆಸ್ಪತ್ರೆಯವರು ಕೊಟ್ಟ ವಾಕ್ಯಗಳೋ, ಎಲ್ಲಾ ಮರ್ಯಾದಸ್ಥರವು. ನೀರು ಕೊಡಿ, ಬಾಗಿಲು ಮುಚ್ಚಿ... ಒಂದೂ ಜಗಳದ ಮಾತಿಲ್ಲ! ಅಷ್ಟರಲ್ಲಿ ನಿನ್ನ ಜೊತೆ ಸಂಸಾರ ಮಾಡೋಕಾಗುತ್ತಾ? ಅದಕ್ಕೇ ನಾನೇ ಸ್ವಲ್ಪ ಸೇರಿಸ್ತಿದ್ದೆ.

ಎಲ್ಲಿಗೆ ಹೊರಟೆ? ಅದನ್ನ ಯಾಕೆ ಎತ್ಕೊಂಡು...

ಓ. ಲ್ಯಾಪ್‌ಟಾಪ್ ಹೊರಗೆ ಮೇಜಿನ ಮೇಲೆ, ಉದ್ದ ವೈರಿನ ಮೈಕ್ ಮಾತ್ರ ಬೀರುವಿನೊಳಗೆ. ಅಲ್ಲಾ, ನಾನೂ ಅದೂ ಜೊತೆಗೆ ಬೇಯ್ತಾ ಕೂತಿದ್ವಲ್ಲ, ಇಷ್ಟು ಹೊಳೀಲಿಲ್ಲ ನೋಡು ಈ ತಲೆಗೆ!

ನೀನೂ ಒಳಗೆ ಬರ್ತೀಯಾ? ಜಾಗ ಎಲ್ಲಿದೆಯೇ... ಸರಿ, ಬಾ. ಕಾಲು ಹೀಗೆ ಮಡಚು. ಬಾಗಿಲು ಎಳ್ಕೋ. ಅಳಬೇಡ ಕಣೇ, ಮೈಕಿಗೆ ಅದೂ ಕೇಳುತ್ತೆ. ಇಗೋ, ಈ ಕೋಟಿಗೇ ಮೂಗು ಒರೆಸು, ಹೇಗೂ ನಿಂದೇ.

ಹೂಂ... ಹೇಳು. ಮೊದಲು ಏನು ಅನ್ನಲಿ?