ಗುರುತು ಕೊರೆದ ಲೋಟ

ಸಭೆಯಲ್ಲಿ ಕೂತವರೇ, ನೋಡಿ, ಒಂದು ಪಟ್ಟಣದಲ್ಲಿ ಒಬ್ಬ ಶ್ರೀಮಂತ ಸೀರೆ ವ್ಯಾಪಾರಿ ಇದ್ದ. ಮೂರಂತಸ್ತಿನ ಅಂಗಡಿ, ಒಳ್ಳೆಯ ಹೆಸರು, ಒಳ್ಳೆಯ ಹೆಂಡತಿ. ಜೊತೆಗೆ ಒಂದು ಗುಟ್ಟು. ಅವನ ರಕ್ತದಲ್ಲಿ ಎಚ್‌ಐವಿ ಇತ್ತು.

ಹೆಂಡತಿಗೆ ಹೇಳಿರಲಿಲ್ಲ. ಖರೀದಿಯ ನೆಪ ಹೇಳಿ ತಿಂಗಳಿಗೊಮ್ಮೆ ಐದು ಗಂಟೆ ದೂರದ ಊರಿಗೆ ಹೋಗಿ ಮಾತ್ರೆ ತರುತ್ತಿದ್ದ. ತನ್ನೂರಲ್ಲೇ ಸಿಗುತ್ತಿತ್ತು, ಪುಕ್ಕಟೆ ಸಿಗುತ್ತಿತ್ತು. ಆದರೆ ಯಾರಾದರೂ ನೋಡಿಬಿಟ್ಟರೆ?

ಅವನ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹೊಲಿಯುವ ಹೆಂಗಸೊಬ್ಬಳಿದ್ದಳು. ಅವಳಿಗೂ ಅದೇ ಸೋಂಕು ಎಂಬ ಸುದ್ದಿ ಹಬ್ಬಿತು. ಆಗ ಈತ ಏನು ಮಾಡಿದ? ತನ್ನ ಮೇಲೆ ಅನುಮಾನ ಬಾರದಿರಲಿ ಎಂದು ಎಲ್ಲರಿಗಿಂತ ಮುಂದೆ ನಿಂತ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುತ್ತಾರಲ್ಲ, ಹಾಗೆ ಒಂದು ಸ್ಟೀಲ್ ಲೋಟದ ಮೇಲೆ ದುಂಡನೆಯ ಗುರುತು ಕೊರೆಸಿ ತಂದು, "ಇದು ನಿಂದು. ಬೇರೆಯವರ ಲೋಟ ಮುಟ್ಬೇಡ," ಎಂದ. ಲೋಟದಿಂದ ಈ ಸೋಂಕು ಹರಡುವುದಿಲ್ಲ ಎಂದು ಆ ಅಂಗಡಿಯಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ಅವನಿಗೇ! ಎರಡು ವಾರ ಅವಳು ಅದರಲ್ಲಿ ನೀರು ಕುಡಿದಳು. ಮೂರನೆಯ ವಾರ ಲೋಟವನ್ನು ಚೀಲಕ್ಕೆ ಹಾಕಿಕೊಂಡು ಕೆಲಸ ಬಿಟ್ಟು ಹೋದಳು.

ಕೆಲವು ವರ್ಷ ಕಳೆಯಿತು. ಪಟ್ಟಣ ಒಂದು ನಿರ್ಧಾರ ಮಾಡಿತು: ನಮ್ಮಲ್ಲಿ ಇನ್ನು ಹೊಸದಾಗಿ ಯಾರಿಗೂ ಈ ಸೋಂಕು ತಗಲಬಾರದು. ಬಸ್ ನಿಲ್ದಾಣದಲ್ಲಿ ರಕ್ತ ಪರೀಕ್ಷೆ ಶುರುವಾಯಿತು. ದುಡಿಯುವವರಿಗೆಂದು ಚಿಕಿತ್ಸಾ ಕೇಂದ್ರ ಸಂಜೆಯೂ ತೆರೆಯಿತು. ಮಾತ್ರೆ ಬಿಟ್ಟವರನ್ನು ಹುಡುಕಿ ಕರೆತರಲು, ಆ ಸೋಂಕಿನೊಡನೆ ಬದುಕುತ್ತಿರುವವರನ್ನೇ ಕೆಲಸಕ್ಕೆ ತೆಗೆದುಕೊಂಡರು.

ನಮ್ಮ ವ್ಯಾಪಾರಿ ಮಾತ್ರೆ ಬಿಟ್ಟಿದ್ದ. ಮದುವೆಯ ಸೀಸನ್, ಊರು ಬಿಡಲು ನೆಪವೇ ಸಿಗಲಿಲ್ಲ. ಒಂದು ತಿಂಗಳು ಹೋಗಿ ಮೂರಾಯಿತು. ಜ್ವರ ಬಂದು ಹೋಗುತ್ತಿತ್ತು, ಅಂಗಿ ಸಡಿಲವಾಗುತ್ತಿತ್ತು. ಒಂದು ಮಧ್ಯಾಹ್ನ ಅದೇ ಹೆಂಗಸು ಅಂಗಡಿಗೆ ಬಂದು ಅವನೆದುರು ನಿಂತಳು. ಜಗಳಕ್ಕೇ ಬಂದಳೆಂದು ಅವನು ಅಂದುಕೊಂಡ.

"ಬ್ಲೌಸ್ ಪೀಸ್ ತೋರಿಸಿ ಯಜಮಾನ್ರೇ," ಎಂದಳು ಜೋರಾಗಿ. ಅವನು ಬಿಚ್ಚಿ ಹರಡಿದ. ಅವಳು ಬಗ್ಗಿ ಮೆಲ್ಲಗೆ, "ಮೂರು ತಿಂಗಳಿಂದ ಮಾತ್ರೆ ತಗೊಂಡಿಲ್ವಂತೆ?" ಎಂದಳು.

ಅವನು ಬಟ್ಟೆ ಹರಡುವುದನ್ನು ನಿಲ್ಲಿಸಿದ. "ಯಾರು ಹೇಳಿದ್ದು ನಿಂಗೆ?"

"ಆ ಊರಿನ ಕೇಂದ್ರದೋರು ನಮ್ಮ ಕೇಂದ್ರಕ್ಕೆ ತಿಳಿಸಿದ್ರು. ಹುಡುಕೋದೇ ಈಗ ನನ್ನ ಕೆಲ್ಸ. ನಿಮ್ಮೋರಿಗೆ ಯಾರಿಗೂ ಗೊತ್ತಾಗಲ್ಲ. ಕೈ ನಿಲ್ಲಿಸ್ಬೇಡಿ, ಇನ್ನೊಂದು ತೋರಿಸಿ, ಜನ ನೋಡ್ತಾರೆ." ಮತ್ತೆ ಜೋರಾಗಿ, "ಅಯ್ಯೋ, ಈ ಬಣ್ಣ ನಂಗೊಪ್ಪಲ್ಲ!" ಮತ್ತೆ ಮೆಲ್ಲಗೆ, "ಸಂಜೆ ಏಳಕ್ಕೆ ಬನ್ನಿ. ನಾನಿರ್ತೀನಿ."

ಹೋದ. ವೈದ್ಯರು ಪರೀಕ್ಷಿಸಿ ಮಾತ್ರೆ ಕೊಟ್ಟರು. ಅವಳು ನೀರು ತಂದಳು. ಲೋಟದ ಮೇಲೆ ದುಂಡನೆಯ ಗುರುತು.

"ಇದನ್ನ ಯಾಕೆ ಇಟ್ಕೊಂಡಿದ್ದೀಯ?"

"ಗಟ್ಟಿ ಲೋಟ, ಯಾಕೆ ಬಿಸಾಡ್ಲಿ? ಇಲ್ಲಿ ಎಲ್ರೂ ಇದ್ರಲ್ಲೇ ಕುಡಿಯೋದು. ನಾನೂ ಈಗ್ತಾನೇ ಕುಡ್ದೆ. ನಿಮ್ಗೆ ಬೇರೆ ತರ್ಲಾ?"

ಅವನು ಬೇಡವೆಂದು ತಲೆಯಾಡಿಸಿದ. ಲೋಟವನ್ನು ತುಟಿಗಿಟ್ಟು ಕುಡಿದ.

ಮರುದಿನ ಹೆಂಡತಿಗೆ ಹೇಳಿದ. ಅವಳು ಅತ್ತಳು, ಬೈದಳು, ಪರೀಕ್ಷೆಗೆ ಹೋದಳು. ಸೋಂಕು ಇರಲಿಲ್ಲ. ಈಗ ಅವನು ಒಂದು ದಿನವೂ ಮಾತ್ರೆ ತಪ್ಪಿಸುವುದಿಲ್ಲ. ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿದೆ. ಹಾಗಿರುವವರೆಗೆ ಅದು ಅವನಿಂದ ಹೆಂಡತಿಗೆ ದಾಟುವುದಿಲ್ಲ. ಬೆಳಿಗ್ಗೆ ಮಾತ್ರೆ ನುಂಗುವಾಗ ಅವನು ಮೊದಲು ನೆನೆಯುವುದು ಯಾರನ್ನು ಗೊತ್ತೇ? ಬಣ್ಣ ಒಪ್ಪಲಿಲ್ಲ ಎಂದವಳನ್ನು.

ಎಲ್ಲ ಹೆಂಡತಿಯರಿಗೂ ಸೋಂಕಿನಿಂದ ಪಾರಾಗುವ ಆ ಭಾಗ್ಯ ಸಿಗುವುದಿಲ್ಲ. ಹೇಳದೆ ಹೋದವರ ಹೆಂಡತಿಯರು ಈ ಸಭೆಯಲ್ಲೂ ಕೂತಿರಬಹುದು. ಅವರಿಗೂ ಬಾಗಿಲು ತಟ್ಟಿದವರಿದ್ದಾರೆ, ಪಕ್ಕದಲ್ಲಿ ಕೂತವರಿದ್ದಾರೆ. ಹಾಗೆ ತಟ್ಟಿದ ಕೈಗಳಿಗೆಲ್ಲ ಒಮ್ಮೆ ಮನಸ್ಸಿನಲ್ಲೇ ಕೈಮುಗಿಯಿರಿ.

ಮುಗಿದಿರಾ? ಇನ್ನು ಮನೆಗೆ ಹೋಗಿ. ಪರೀಕ್ಷೆ ಮಾಡಿಸಿಕೊಳ್ಳಿ, ಹೇಳಬೇಕಾದವರಿಗೆ ಹೇಳಿ. ಆಮೇಲೆ ಅಡುಗೆಮನೆಯ ಕಿಟಕಿ ನೋಡಿ. ಕೆಲಸದವಳಿಗೆಂದು ಅಲ್ಲಿ ಬೇರೆ ಇಟ್ಟ ಲೋಟ ಒಂದಿದೆ, ಇದೆ ತಾನೇ? ಅದನ್ನು ಒಳಗೆ ತನ್ನಿ. ನಿಮ್ಮ ಲೋಟಗಳ ಜೊತೆ ತೊಳೆದು ಬೋರಲು ಹಾಕಿ. ನಾಳೆ ಬೆಳಿಗ್ಗೆ ಅದು ಯಾರ ಕೈಗೆ ಸಿಗುತ್ತದೋ, ಅವರು ಕುಡಿಯಲಿ.